‘ಹ್ಯಾವ್’ ಮತ್ತು ‘ಇರು’: ಇಂಗ್ಲಿಷಿನ ಒಂದು ಸ್ವಾಮ್ಯವಾಚಕ ಕ್ರಿಯಾಪದವೂ ಕನ್ನಡದ ವಿಭಕ್ತಿವಿವೇಕವೂ

ಇಂಗ್ಲಿಷನ್ನು ಕಲಿಯತೊಡಗಿದ ಕನ್ನಡಿಗನು ಮೊದಲ ಪಾಠಗಳಲ್ಲಿಯೇ ಎದುರುಗೊಳ್ಳುವ ಕ್ರಿಯಾಪದಗಳಲ್ಲಿ ‘ಹ್ಯಾವ್’ ಎಂಬುದೂ ಒಂದು. ಅದರ ರೂಪಗಳು ನಾಲ್ಕೇ: ಹ್ಯಾವ್, ಹ್ಯಾಸ್, ಹ್ಯಾಡ್, ಹ್ಯಾವಿಂಗ್. ಆದರೆ ಮಕ್ಕಳು, ಮನೆ, ಜ್ವರ, ಧೈರ್ಯ, ಸಾಲ, ಸಮಯ, ಸಂದೇಹ ಇವೆಲ್ಲವನ್ನೂ ಇಂಗ್ಲಿಷ್ ಮಾತುಗಾರನು ಈ ಒಂದೇ ಕ್ರಿಯಾಪದದಿಂದ ತನ್ನದಾಗಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಒಂದು ಕ್ರಿಯಾಪದವಿಲ್ಲ. ಈ ‘ಇಲ್ಲ’ವನ್ನು ಭಾಷೆಯ ಕೊರತೆಯೆಂದು ಭಾವಿಸಿ, ಅದನ್ನು ‘ಹೊಂದು’ ಎಂಬ ಧಾತುವಿನಿಂದ ತುಂಬುವ ಪ್ರವೃತ್ತಿ ನಮ್ಮ ಅನುವಾದಗಳಲ್ಲಿಯೂ ಆಡಳಿತದ ಬರವಣಿಗೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಬಲವಾಗಿ ಬೇರೂರಿದೆ.

ಪ್ರಸ್ತುತ ಲೇಖನದಲ್ಲಿ ನಾವು ‘ಹ್ಯಾವ್’ ಪದದ ಹಿನ್ನೆಲೆಯನ್ನೂ ಅರ್ಥವ್ಯಾಪ್ತಿಯನ್ನೂ ನುಡಿಗಟ್ಟುಗಳನ್ನೂ ಪರಿಶೀಲಿಸಿ, ಅವುಗಳಿಗೆ ಎದುರಾಗಿ ಕನ್ನಡವು ಏನು ಮಾಡುತ್ತದೆ ಎಂಬುದನ್ನು ವಿವರಿಸಲು ಉದ್ದೇಶಿಸಿದ್ದೇವೆ. ಇಂಗ್ಲಿಷ್ ಒಂದುಗೂಡಿಸಿ ಹೇಳುವುದನ್ನು ಕನ್ನಡವು ವಿಂಗಡಿಸಿ ಹೇಳುತ್ತದೆ. ಆ ವಿಂಗಡಣೆಯ ಭಾರವನ್ನು ಕ್ರಿಯಾಪದವಲ್ಲ, ವಿಭಕ್ತಿಗಳು ಹೊರುತ್ತವೆ. ಅನುವಾದದಲ್ಲಿ ಈ ವಿಂಗಡಣೆಯನ್ನು ಕಳೆದುಕೊಂಡರೆ ಹೋಗುವುದು ಶೈಲಿಯ ಸೊಗಸು ಮಾತ್ರವಲ್ಲ, ಕೆಲವೊಮ್ಮೆ ಸಂಗತಿಯೇ ಹೋಗುತ್ತದೆ ಎಂಬುದು ನಮ್ಮ ಪ್ರತಿಪಾದನೆ.

1. ಪದದ ಹಿನ್ನೆಲೆ

‘ಹ್ಯಾವ್’ ಪದದ ಪ್ರಾಚೀನ ಇಂಗ್ಲಿಷ್ ರೂಪ ‘ಹಬ್ಬನ್’. ಜರ್ಮನ್ ಭಾಷೆಯ ‘ಹಾಬೆನ್’ ಇದರ ಸೋದರ. ಇವೆರಡರ ಮೂಲವನ್ನು ವಿದ್ವಾಂಸರು ‘ಹಿಡಿ, ಕೈವಶ ಮಾಡಿಕೊ’ ಎಂಬರ್ಥದ ‘ಕಪ್’ ಎಂಬ ಇಂಡೋ-ಯುರೋಪಿಯನ್ ಧಾತುವಿಗೆ ಒಯ್ಯುತ್ತಾರೆ. ಲ್ಯಾಟಿನಿನ ‘ಕಾಪೆರೆ’ಯೂ ಇದೇ ಧಾತುವಿನಿಂದ ಬಂದುದು. ಅರ್ಥದಲ್ಲಿಯೂ ಉಚ್ಚಾರಣೆಯಲ್ಲಿಯೂ ‘ಹ್ಯಾವ್’ ಪದಕ್ಕೆ ಅತಿ ಸಮೀಪವೆನಿಸುವ ಲ್ಯಾಟಿನ್ ‘ಹಬೇರೆ’ ಮಾತ್ರ ಬೇರೆ ಧಾತುವಿನದು. ಅದರ ನಿಜವಾದ ಇಂಗ್ಲಿಷ್ ಬಂಧು ‘ಕೊಡು’ ಎಂಬರ್ಥದ ‘ಗಿವ್’. ಧ್ವನಿಸಾಮ್ಯವನ್ನು ನೆಚ್ಚಿ ವ್ಯುತ್ಪತ್ತಿಯನ್ನು ಹೇಳಬಾರದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

‘ಹಿಡಿ’ ಎಂಬ ಕ್ರಿಯೆಯೇ ‘ಹಿಡಿದಿರುವ ಸ್ಥಿತಿ’ಯಾಗಿ, ಅನಂತರ ‘ಸ್ವಾಮ್ಯ’ವಾಗಿ ಬೆಳೆಯುವುದು ಯುರೋಪಿನಲ್ಲಿ ಅಪರೂಪವಲ್ಲ. ಸ್ಪ್ಯಾನಿಷ್ ಭಾಷೆಯ ‘ತೆನೆರ್’ ಕೂಡ ‘ಹಿಡಿ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದಿದೆ. ಆದರೆ ಲ್ಯಾಟಿನಿನಲ್ಲಿಯೇ ‘ನನಗೆ ಪುಸ್ತಕವಿದೆ’ ಎಂಬಂತಹ ಚತುರ್ಥೀ ರಚನೆ ಬಳಕೆಯಲ್ಲಿತ್ತು. ಐರಿಷ್ ಭಾಷೆಯಲ್ಲಿ ಇಂದಿಗೂ ಪುಸ್ತಕವು ‘ನನ್ನಲ್ಲಿ ಇದೆ’. ರಷ್ಯನ್ ಭಾಷೆಯಲ್ಲಿ ‘ನನ್ನ ಬಳಿ ಇದೆ’. ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ತ್ ಅವರು 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ‘ಹ್ಯಾವ್’ ಬಗೆಯ ಕ್ರಿಯಾಪದವು ವಾಸ್ತವವಾಗಿ ತಿರುವುಮುರುವಾದ ‘ಇರು’ ಧಾತುವೇ ಎಂದು ವಾದಿಸಿದರು. ಹೊರನೋಟಕ್ಕೆ ಅದು ಸಕರ್ಮಕ. ಆದರೆ ಅದರ ಕರ್ತೃ ಏನನ್ನೂ ಮಾಡುವುದಿಲ್ಲ. ‘ಅವನಿಗೆ ಮನೆಯಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಲು ಬಾರದಿರುವುದು ಇದನ್ನೇ ಸೂಚಿಸುತ್ತದೆ. ಜಗತ್ತಿನ ಭಾಷೆಗಳು ಸ್ವಾಮ್ಯವನ್ನು ಹೇಳುವ ಬಗೆಗಳನ್ನು ವಿಂಗಡಿಸಿದ ಲಿಯೋನ್ ಸ್ಟಾಸೆನ್ ಅವರ 2009ರ ಗ್ರಂಥದಲ್ಲಿಯೂ ‘ಹ್ಯಾವ್’ ಬಗೆಯು ಹಲವು ಬಗೆಗಳಲ್ಲಿ ಒಂದು ಮಾತ್ರ.

ಆದುದರಿಂದ ‘ಹ್ಯಾವ್’ ಇಲ್ಲದಿರುವುದು ಕನ್ನಡಕ್ಕಾಗಲಿ ದ್ರಾವಿಡ ಭಾಷೆಗಳಿಗಾಗಲಿ ವಿಶಿಷ್ಟವಾದ ವೈಚಿತ್ರ್ಯವೇನೂ ಅಲ್ಲ.

2. ಕನ್ನಡದ ನಾಲ್ಕು ದಾರಿಗಳು

ಕನ್ನಡದಲ್ಲಿ ಸ್ವಾಮ್ಯಸಂಬಂಧವನ್ನು ಮುಖ್ಯವಾಗಿ ನಾಲ್ಕು ರೀತಿಗಳಲ್ಲಿ ಹೇಳುತ್ತೇವೆ. ನಾಲ್ಕರಲ್ಲಿಯೂ ಸ್ವಾಮ್ಯವನ್ನು ಸೂಚಿಸುವುದು ವಿಭಕ್ತಿ ಇಲ್ಲವೆ ವಿಭಕ್ತಿಯ ಕೆಲಸ ಮಾಡುವ ಅವ್ಯಯ. ಕ್ರಿಯೆ ಬೇಕಾದಾಗ ಬರುವುದು ‘ಇರು’ ಧಾತುವೇ.

ಮೊದಲನೆಯದು ಚತುರ್ಥಿ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ಅವರಿಗೆ ಜ್ವರವಿದೆ’, ‘ನಿಮಗೆ ಹಕ್ಕಿದೆ’, ‘ಅವಳಿಗೆ ಸಂಗೀತದಲ್ಲಿ ಆಸಕ್ತಿಯಿದೆ’. ಬಂಧುತ್ವ, ದೇಹಸ್ಥಿತಿ, ಅಧಿಕಾರ, ಮನೋಭಾವ ಇವು ಮನುಷ್ಯನನ್ನು ಬಿಟ್ಟು ಅತ್ತಿತ್ತ ಹೋಗುವ ವಸ್ತುಗಳಲ್ಲ. ಅವನು ಅವುಗಳನ್ನು ಹಿಡಿದಿಲ್ಲ. ಅವು ಅವನಿಗೆ ಸಂದಿವೆ. ಇಲ್ಲಿ ಕ್ರಿಯಾಪದವು ಮಕ್ಕಳನ್ನು ಅನುಸರಿಸಿ ‘ಇದ್ದಾರೆ’ ಎಂದಾಗುತ್ತದೆ, ‘ಇದ್ದೇನೆ’ ಎಂದಾಗುವುದಿಲ್ಲ. ಈ ಚತುರ್ಥೀ ಪದಕ್ಕೆ ಕರ್ತೃವಿನ ಸ್ಥಾನ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಎಸ್.ಎನ್. ಶ್ರೀಧರ್ ಅವರು 1979ರಷ್ಟು ಹಿಂದೆಯೇ ಕನ್ನಡದ ಆಧಾರದ ಮೇಲೆ ಚರ್ಚಿಸಿದ್ದಾರೆ.

ಎರಡನೆಯದು ಸಾಮೀಪ್ಯಸೂಚಕ ಅವ್ಯಯ. ‘ನನ್ನ ಬಳಿ ನೂರು ರೂಪಾಯಿ ಇದೆ’, ‘ನಿಮ್ಮ ಹತ್ತಿರ ಪೆನ್ನಿದೆಯೇ?’. ಧಾರವಾಡದ ಕಡೆಗೆ ಇದೇ ‘ನನ್ನ ಕಡೆ ರೊಕ್ಕ ಇಲ್ಲ’ ಎಂದಾಗುತ್ತದೆ. ಕೈಯಲ್ಲಿರುವ, ಇನ್ನೊಬ್ಬರಿಗೆ ಕೊಡಬಹುದಾದ ವಸ್ತುಗಳಿಗೆ ಈ ರಚನೆ ಸಲ್ಲುತ್ತದೆ. ವಸ್ತುವು ತನ್ನದೋ ಪರರದೋ ಎಂಬುದನ್ನು ಇದು ಹೇಳುವುದಿಲ್ಲ. ಈಗ ಯಾರ ವಶದಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ‘ನನ್ನ ಬಳಿ ಇಬ್ಬರು ಮಕ್ಕಳಿದ್ದಾರೆ’ ಎಂದರೆ ಅರ್ಥವೇ ಬದಲಾಗಿ, ಯಾರವೋ ಮಕ್ಕಳು ನನ್ನ ಆಶ್ರಯದಲ್ಲಿದ್ದಾರೆ ಎಂಬ ಭಾವ ಬರುತ್ತದೆ.

ಮೂರನೆಯದು ಸಪ್ತಮಿ. ‘ಅವರಲ್ಲಿ ವಿನಯವಿದೆ’, ‘ಈ ಗ್ರಂಥಾಲಯದಲ್ಲಿ ಎರಡು ವಾಚನಾಲಯಗಳಿವೆ’. ಅಂತರ್ಗತವಾದ ಗುಣವೂ ಅಂಗವೂ ಇದರ ವಿಷಯ. ನಿರ್ಜೀವ ವಸ್ತುವನ್ನು ಒಡೆಯನನ್ನಾಗಿ ಮಾಡಲು ಕನ್ನಡ ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಗ್ರಂಥಾಲಯವು ವಾಚನಾಲಯವನ್ನು ‘ಹ್ಯಾಸ್’. ಕನ್ನಡದಲ್ಲಿ ವಾಚನಾಲಯವು ಗ್ರಂಥಾಲಯದಲ್ಲಿ ಇದೆ, ಅಷ್ಟೇ.

ನಾಲ್ಕನೆಯದು ಷಷ್ಠಿ. ‘ಈ ಪುಸ್ತಕ ನನ್ನದು’, ‘ನನ್ನದೊಂದು ಸಂದೇಹವಿದೆ’. ಒಡೆತನವನ್ನು ಖಚಿತವಾಗಿ ಸ್ಥಾಪಿಸುವ ಮಾತು ಇದು. ‘ಪುಸ್ತಕ ನನ್ನ ಬಳಿ ಇದೆ, ಆದರೆ ನನ್ನದಲ್ಲ’ ಎಂಬ ವಾಕ್ಯದಲ್ಲಿ ವಶ ಮತ್ತು ಒಡೆತನಗಳ ಭೇದ ಯಾವ ವಿವರಣೆಯೂ ಇಲ್ಲದೆ ಸ್ಪಷ್ಟವಾಗುತ್ತದೆ.

ಕರಾವಳಿಯ ಕನ್ನಡದಲ್ಲಿ ‘ಇದೆ’ ಎಂಬುದರ ಸ್ಥಾನದಲ್ಲಿ ‘ಉಂಟು’ ಬರುವುದನ್ನೂ (‘ನನಗೆ ಸ್ವಲ್ಪ ಕೆಲಸ ಉಂಟು’) ಇಲ್ಲಿ ಸ್ಮರಿಸಬಹುದು. ಕ್ರಿಯಾಪದ ಬದಲಾದರೂ ವಿಭಕ್ತಿಯ ವ್ಯವಸ್ಥೆ ಬದಲಾಗುವುದಿಲ್ಲ.

3. ನೆರೆಹೊರೆಯ ಭಾಷೆಗಳು

ಹೊರನಾಡಿನ ಸಂಶೋಧಕರಿಗೆ ಈ ವಿಷಯವು ಇನ್ನೊಂದು ಕಾರಣದಿಂದಲೂ ಪ್ರಸ್ತುತವಾಗಿದೆ. ಹೈದರಾಬಾದಿನ ತೆಲುಗಿನಲ್ಲಿ ಮಕ್ಕಳ ವಿಷಯಕ್ಕೆ ‘ನಾಕು’, ಹಣದ ವಿಷಯಕ್ಕೆ ‘ನಾ ದಗ್ಗರ’. ಚೆನ್ನೈನ ತಮಿಳಿನಲ್ಲಿ ಅನುಕ್ರಮವಾಗಿ ‘ಎನಕ್ಕು’ ಮತ್ತು ‘ಎನ್ನಿಡಂ’. ಮುಂಬಯಿ, ಪುಣೆಗಳ ಮರಾಠಿಯಲ್ಲಿ ‘ಮಲಾ’ ಮತ್ತು ‘ಮಾಝ್ಯಾಕಡೇ’ ಅಥವಾ ‘ಮಾಝ್ಯಾಜವಳ್’. ಮೂರರ ವಿಂಗಡಣೆಯೂ ಕನ್ನಡದೊಂದಿಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಮರಾಠಿಯು ಆರ್ಯಭಾಷೆಯಾಗಿದ್ದೂ ಇಲ್ಲಿ ಕನ್ನಡಕ್ಕೆ ಹತ್ತಿರವಾಗಿ ನಿಲ್ಲುವುದು ಗಮನಾರ್ಹ. ಎಂ.ಬಿ. ಎಮೆನೋ ಅವರು 1956ರಲ್ಲಿ ಭಾರತವನ್ನು ಒಂದು ‘ಭಾಷಾವಲಯ’ವೆಂದು ಕರೆದ ಮೇಲೆ ಇಂತಹ ಸಾಮ್ಯಗಳ ಅಧ್ಯಯನವು ವಿಸ್ತಾರವಾಗಿ ನಡೆದಿದೆ.

ದೆಹಲಿಯ ಹಿಂದಿಯಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಹಣಕ್ಕೆ ‘ಮೇರೇ ಪಾಸ್’, ಜ್ವರಕ್ಕೆ ‘ಮುಝೇ’ ಎಂಬಲ್ಲಿ ಅದು ಕನ್ನಡದ ದಾರಿಯಲ್ಲಿಯೇ ಇದೆ. ಬಂಧುತ್ವಕ್ಕೆ ಮಾತ್ರ ‘ಮೇರೇ ದೋ ಭಾಈ ಹೈಂ’ ಎಂದು ಷಷ್ಠಿಯನ್ನು ಬಳಸುತ್ತದೆ. ಇದೇ ಅಚ್ಚಿನಲ್ಲಿ ಕನ್ನಡವನ್ನು ಹೊಯ್ದರೆ ‘ನನ್ನ ಇಬ್ಬರು ಅಣ್ಣಂದಿರು ಇದ್ದಾರೆ’ ಎಂಬ ವಾಕ್ಯ ಸಿದ್ಧವಾಗುತ್ತದೆ. ಅದು ತಪ್ಪು ಕನ್ನಡವೇನೂ ಅಲ್ಲ. ಆದರೆ ಅದರ ಅರ್ಥ ಬೇರೆ. ಕೇಳಿದವರು ‘ಎಲ್ಲಿದ್ದಾರೆ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ವ್ಯಾಕರಣದೋಷವಿಲ್ಲದೆಯೇ ಅರ್ಥವು ಜಾರುವ ಇಂತಹ ಸ್ಥಳಗಳೇ ಭಾಷಾಸಂಪರ್ಕದ ಅಧ್ಯಯನಕ್ಕೆ ಹೆಚ್ಚು ಬೆಲೆಯುಳ್ಳವು.

4. ಸ್ವಾಮ್ಯದಾಚೆಯ ‘ಹ್ಯಾವ್’

‘ಹ್ಯಾವ್’ ಪದದ ಬಳಕೆ ಸ್ವಾಮ್ಯಕ್ಕೆ ಸೀಮಿತವಾಗಿಲ್ಲ. ಪೂರ್ಣಗೊಂಡ ಕ್ರಿಯೆಯನ್ನು ಸೂಚಿಸುವ ಸಹಾಯಕ ಕ್ರಿಯಾಪದವಾಗಿ ಅದು ಇಂಗ್ಲಿಷಿನಲ್ಲಿ ಎಲ್ಲೆಡೆ ಬರುತ್ತದೆ. ‘ಹಿಡಿದ ಮೀನು ನನ್ನಲ್ಲಿದೆ’ ಎಂಬಂತಹ ಹಳೆಯ ರಚನೆಯೇ ಕ್ರಮೇಣ ‘ನಾನು ಮೀನು ಹಿಡಿದಿದ್ದೇನೆ’ ಎಂಬರ್ಥಕ್ಕೆ ತಿರುಗಿತು. ಕನ್ನಡದ ‘ಹಿಡಿದಿದ್ದೇನೆ’ ಎಂಬುದನ್ನು ಬಿಡಿಸಿದರೆ ‘ಹಿಡಿದು’ ಮತ್ತು ‘ಇದ್ದೇನೆ’ ಎಂದಾಗುತ್ತದೆ. ಇಂಗ್ಲಿಷ್ ‘ಹ್ಯಾವ್’ ಪದವನ್ನು ಕರೆಯುವಲ್ಲಿ ಕನ್ನಡವು ಮತ್ತೆ ‘ಇರು’ ಧಾತುವನ್ನೇ ಕರೆಯುತ್ತದೆ. ಸ್ವಾಮ್ಯದಲ್ಲಿ ಕಂಡ ಹೊಂದಾಣಿಕೆ ಕಾಲರೂಪದಲ್ಲಿಯೂ ಮುಂದುವರಿಯುವುದು ಆಕಸ್ಮಿಕವಲ್ಲ. ಎರಡು ಭಾಷೆಗಳೂ ಸ್ಥಿತಿಯನ್ನು ಹೇಳಲು ತಮ್ಮಲ್ಲಿರುವ ಪ್ರಧಾನ ಸಾಧನವನ್ನೇ ಎರಡೂ ಕಡೆ ಬಳಸಿಕೊಂಡಿವೆ.

‘ಹ್ಯಾವ್ ಟು’ ಎಂಬುದು ಕರ್ತವ್ಯವನ್ನು ಅಥವಾ ನಿರ್ಬಂಧವನ್ನು ಸೂಚಿಸುತ್ತದೆ. ಕನ್ನಡದಲ್ಲಿ ‘ಹೋಗಬೇಕು’, ‘ಹೋಗಬೇಕಾಗಿದೆ’, ‘ಹೋಗುವುದಿದೆ’, ‘ಹೋಗದೆ ವಿಧಿಯಿಲ್ಲ’ ಎಂಬ ಮೆಟ್ಟಿಲುಗಳಿವೆ. ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುವ ಅರ್ಥದಲ್ಲಿಯೂ ‘ಹ್ಯಾವ್’ ಬರುತ್ತದೆ. ಅಲ್ಲಿ ಕನ್ನಡಕ್ಕೆ ‘ಇಸು’ ಪ್ರತ್ಯಯವೇ ಸಾಕು: ‘ಕ್ಷೌರ ಮಾಡಿಸಿಕೊಂಡೆ’, ‘ಗೋಡೆಗೆ ಸುಣ್ಣ ಹೊಡೆಸಿದೆ’. ಆದರೆ ಇದೇ ರಚನೆಯಲ್ಲಿ ಇಂಗ್ಲಿಷಿನವನು ತನ್ನ ಕೈಚೀಲ ಕಳುವಾದುದನ್ನೂ ಹೇಳುತ್ತಾನೆ. ಅಲ್ಲಿ ‘ಕಳುವು ಮಾಡಿಸಿದ’ ಎಂದು ಅನುವಾದಿಸಿದರೆ ನಷ್ಟಕ್ಕೊಳಗಾದವನೇ ಅಪರಾಧಿಯಾಗುತ್ತಾನೆ.

ಸ್ಥಿತಿ ಮತ್ತು ಘಟನೆಗಳ ಭೇದವನ್ನೂ ‘ಹ್ಯಾವ್’ ಮರೆಮಾಡಬಲ್ಲುದು. ‘ಶಿ ಹ್ಯಾಡ್ ಎ ಚೈಲ್ಡ್’ ಎಂಬುದು ಸಂದರ್ಭಾನುಸಾರ ‘ಅವಳಿಗೊಂದು ಮಗುವಿತ್ತು’ ಎಂದೂ ಆಗಬಹುದು, ‘ಅವಳಿಗೆ ಮಗುವಾಯಿತು’ ಎಂದೂ ಆಗಬಹುದು. ‘ಇರು’ ಮತ್ತು ‘ಆಗು’ ಧಾತುಗಳ ನಡುವೆ ಆರಿಸದೆ ಕನ್ನಡದಲ್ಲಿ ಈ ವಾಕ್ಯವನ್ನು ಬರೆಯುವುದು ಕಷ್ಟ.

ನುಡಿಗಟ್ಟುಗಳಲ್ಲಿ ಈ ಪದ ತನ್ನ ಸ್ವಾಮ್ಯಾರ್ಥವನ್ನು ಬಹುತೇಕ ಕಳೆದುಕೊಂಡಿದೆ. ‘ಹ್ಯಾವ್ ಎ ಹಾರ್ಟ್’ ಎಂದರೆ ‘ಸ್ವಲ್ಪ ಕನಿಕರವಿರಲಿ’. ‘ಹ್ಯಾವ್ ಎ ವರ್ಡ್’ ಎಂದರೆ ಒಂದು ಮಾತು ಆಡುವುದು. ‘ಹ್ಯಾವ್ ವರ್ಡ್ಸ್’ ಎಂದು ಬಹುವಚನವಾದೊಡನೆ ಮಾತಿಗೆ ಮಾತು ಬೆಳೆದು ಜಗಳವಾಗುವುದು. ‘ಹ್ಯಾವ್ ಎ ಹ್ಯಾಂಡ್ ಇನ್’ ಎಂಬುದಕ್ಕೆ ನಮ್ಮಲ್ಲಿ ‘ಕೈವಾಡ’ವಿದೆ, ‘ಅಪ್ಪರ್ ಹ್ಯಾಂಡ್’ ಇರುವುದಕ್ಕೆ ‘ಮೇಲುಗೈ’ ಇದೆ. ‘ಯು ಹ್ಯಾವ್ ಬೀನ್ ಹ್ಯಾಡ್’ ಎಂದರೆ ‘ನೀನು ಮೋಸಹೋದೆ’, ಆಡುಮಾತಿನಲ್ಲಿ ‘ನಿನಗೆ ಟೋಪಿ ಬಿತ್ತು’. ಸ್ವಾಮ್ಯಾರ್ಥದಲ್ಲಿ ಕರ್ಮಣಿಗೆ ಒಗ್ಗದ ಕ್ರಿಯಾಪದ ಈ ಅರ್ಥದಲ್ಲಿ ಮಾತ್ರ ಕರ್ಮಣಿಗೆ ಒಗ್ಗುತ್ತದೆ. ‘ರೂಮರ್ ಹ್ಯಾಸ್ ಇಟ್’ ಎಂಬ ಮೂರು ಪದಗಳ ಕೆಲಸವನ್ನು ಕನ್ನಡದ ‘ಅಂತೆ’ ಎಂಬ ಎರಡಕ್ಷರ ಮಾಡಿ ಮುಗಿಸುತ್ತದೆ. ಕೇಕನ್ನು ತಿನ್ನಲೂ ಬೇಕು, ಅದು ತನ್ನಲ್ಲಿ ಉಳಿಯಲೂ ಬೇಕು ಎಂಬ ಆಸೆಯನ್ನು ಅಣಕಿಸುವ ಇಂಗ್ಲಿಷ್ ಗಾದೆ ಜಾನ್ ಹೇವುಡ್ ಅವರ 1546ರ ಗಾದೆಸಂಗ್ರಹದಲ್ಲಿಯೇ ಸಿಗುತ್ತದೆ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬ ನಮ್ಮ ಗಾದೆ ಅದೇ ಇಬ್ಬಂದಿತನವನ್ನು ಅಡುಗೆಮನೆಯಿಂದಲೇ ಎತ್ತಿ ತೋರಿಸುತ್ತದೆ.

5. ‘ಹೊಂದು’ ಎಂಬ ಪರಿಹಾರ

ಇಷ್ಟೆಲ್ಲ ದಾರಿಗಳಿರುವಾಗಲೂ ನಮ್ಮ ಲಿಖಿತ ಕನ್ನಡದಲ್ಲಿ ‘ಹೊಂದು’ ಧಾತು ‘ಹ್ಯಾವ್’ ಪದದ ಅಧಿಕೃತ ಪ್ರತಿನಿಧಿಯಂತಾಗಿದೆ. ‘ಹೊಂದು’ ಎಂಬುದರ ಹಳೆಯ ರೂಪ ‘ಪೊಂದು’. ಕೂಡು, ಸೇರು, ಸರಿಬೀಳು, ಪಡೆ ಎಂಬವು ಅದರ ಸಹಜಾರ್ಥಗಳು. ‘ಹೊಂದಿಕೆ’, ‘ಹೊಂದಾಣಿಕೆ’ ಎಂಬ ನಾಮಪದಗಳಲ್ಲಿಯೂ ‘ಬಡ್ತಿ ಹೊಂದಿದರು’, ‘ನಿಧನ ಹೊಂದಿದರು’ ಎಂಬ ಪ್ರಯೋಗಗಳಲ್ಲಿಯೂ ಈ ಅರ್ಥಗಳು ಜೀವಂತವಾಗಿವೆ. ಅದು ಮೂಲತಃ ತಲುಪುವಿಕೆಯನ್ನು ಹೇಳುವ ಪದ, ಇರುವಿಕೆಯನ್ನು ಹೇಳುವುದಲ್ಲ.

‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’, ‘ಕಟ್ಟಡವು ಹತ್ತು ಕೋಣೆಗಳನ್ನು ಹೊಂದಿದೆ’, ‘ರೋಗಿಯು ಮಧುಮೇಹವನ್ನು ಹೊಂದಿದ್ದಾನೆ’ ಎಂಬ ವಾಕ್ಯಗಳಲ್ಲಿ ಚತುರ್ಥಿಯೂ ಸಪ್ತಮಿಯೂ ಅಳಿದು, ಮಕ್ಕಳು, ಕೋಣೆಗಳು, ಕಾಯಿಲೆ ಮೂರೂ ಒಂದೇ ಬಗೆಯ ದ್ವಿತೀಯಾ ವಿಭಕ್ತಿಯ ಸರಕುಗಳಾಗಿವೆ. ರೋಗವು ರೋಗಿಗೆ ಬಂದುದಾಗಿರದೆ ಅವನು ಸಂಪಾದಿಸಿದುದಾಗಿ ಕಾಣುತ್ತದೆ.

ನ್ಯಾಯವಾಗಿ ಹೇಳುವುದಾದರೆ ‘ಹೊಂದು’ ಧಾತುವಿಗೆ ಒಂದು ಉಪಯುಕ್ತ ಸ್ಥಾನವಿದೆ. ‘ಪರವಾನಗಿ ಹೊಂದಿದವರು’, ‘ಪದವಿ ಹೊಂದಿದ ಅಭ್ಯರ್ಥಿಗಳು’ ಎಂಬಲ್ಲಿ ಪಡೆಯುವ ಕ್ರಿಯೆ ನಿಜವಾಗಿಯೂ ನಡೆದಿದೆ. ಪದವು ಅರ್ಥಕ್ಕೆ ಸರಿಹೊಂದುತ್ತದೆ. ಕಾನೂನಿನ ಭಾಷೆಗೆ ಸ್ವಾಮಿಯನ್ನು ವಿಶೇಷ್ಯವಾಗಿ ನಿಲ್ಲಿಸುವ ಇಂತಹ ಕೃದಂತ ಬೇಕೇ ಬೇಕು. ನಮ್ಮ ಆಕ್ಷೇಪವಿರುವುದು ಪದದ ಬಗೆಗಲ್ಲ, ಅದರ ಏಕಾಧಿಪತ್ಯದ ಬಗೆಗೆ.

6. ನೆಲದ ಪ್ರಶ್ನೆ

ಈ ಭೇದವು ವ್ಯಾಕರಣದ ಪುಟಗಳಾಚೆ ಎಷ್ಟು ಮುಖ್ಯವೆಂಬುದಕ್ಕೆ ಭೂಮಿಗಿಂತ ಉತ್ತಮವಾದ ಉದಾಹರಣೆ ಬೇರೊಂದಿಲ್ಲ. ಇಂಗ್ಲಿಷಿನ ಕ್ಷೇತ್ರಕಾರ್ಯದ ವರದಿಯೊಂದರಲ್ಲಿ ರೈತನೊಬ್ಬನು ಎರಡು ಎಕರೆಯನ್ನು ‘ಹ್ಯಾಡ್’ ಎಂದು ಬರೆದಿದ್ದರೆ, ಕನ್ನಡದ ಹೇಳಿಕೆ ಏನಿದ್ದಿರಬಹುದು? ‘ಅವರಿಗೆ ಎರಡು ಎಕರೆ ಇತ್ತು’ ಎಂದೇ? ‘ಅವರ ಹೆಸರಿನಲ್ಲಿತ್ತು’ ಎಂದೇ? ‘ಅವರ ಅನುಭವದಲ್ಲಿತ್ತು’ ಎಂದೇ? ‘ಎರಡು ಎಕರೆ ಗೇಣಿಗೆ ಮಾಡುತ್ತಿದ್ದರು’ ಎಂದೇ? 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರನು 7ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಲಿಯ ಮುಂದೆ ಅಧಿಭೋಗದ ಹಕ್ಕನ್ನು ಕೇಳಬಹುದಾಯಿತು. ಆಗ ನಿರ್ಣಾಯಕವಾದುದು ಭೂಮಿ ಯಾರ ಹೆಸರಿನಲ್ಲಿತ್ತು ಎಂಬುದಲ್ಲ, ಯಾರು ಉಳುತ್ತಿದ್ದರು ಎಂಬುದು. ಪಹಣಿಯಲ್ಲಿ ಮಾಲೀಕರಿಗೂ ಸಾಗುವಳಿದಾರರಿಗೂ ಬೇರೆಬೇರೆ ಅಂಕಣಗಳಿರುವುದು ಸುಮ್ಮನೆ ಅಲ್ಲ. ‘ಎರಡು ಎಕರೆಯನ್ನು ಹೊಂದಿದ್ದರು’ ಎಂಬ ಅನುವಾದವು ಈ ನಾಲ್ಕೂ ಸಾಧ್ಯತೆಗಳನ್ನು ಒಂದೇ ಮುಸುಕಿನಡಿಯಲ್ಲಿ ಮುಚ್ಚಿಬಿಡುತ್ತದೆ.

ದಸ್ತಾವೇಜಿನ ಸಂಪ್ರದಾಯಗಳೂ ಇದೇ ಭೇದವನ್ನು ತೋರಿಸುತ್ತವೆ. ಇಂಗ್ಲಿಷ್ ಕ್ರಯಪತ್ರಗಳ ‘ಟು ಹ್ಯಾವ್ ಅಂಡ್ ಟು ಹೋಲ್ಡ್’ ಎಂಬ ಸೂತ್ರವು ಲ್ಯಾಟಿನ್ ದಸ್ತಾವೇಜುಗಳಿಂದ ಬಂದುದು. ಅದರ ಎರಡೂ ಕ್ರಿಯಾಪದಗಳು ಹಿಡಿತವನ್ನು ಹೇಳುತ್ತವೆ. ಕನ್ನಡದ ಕ್ರಯಪತ್ರಗಳಾದರೋ ಪುತ್ರಪೌತ್ರ ಪಾರಂಪರ್ಯವಾಗಿ ‘ಅನುಭವಿಸಿಕೊಂಡು ಬರುವ’ ಮಾತನ್ನಾಡುತ್ತವೆ. ವಿಜಯನಗರ ಕಾಲದ ದಾನಶಾಸನಗಳ ‘ಅಷ್ಟಭೋಗ ತೇಜಸ್ವಾಮ್ಯ’ವು ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾಗಿ ಭೂಮಿಯಿಂದ ದೊರೆಯುವ ಎಂಟು ಭೋಗಗಳನ್ನು ಎಣಿಸುತ್ತದೆ. ಅಲ್ಲಿ ಸ್ವಾಮ್ಯವೆಂದರೆ ಉಪಭೋಗದ ಹಕ್ಕುಗಳ ಒಂದು ಕಟ್ಟು.

7. ‘ಉಳ್ಳವರು’

ಎರಿಕ್ ಫ್ರಾಮ್ ಅವರು 1976ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಅನೇಕ ಭಾಷೆಗಳಲ್ಲಿ ‘ಹ್ಯಾವ್’ ಪದಕ್ಕೆ ಸಮಾನಪದವಿಲ್ಲದಿರುವುದನ್ನು ಎತ್ತಿ, ಅದನ್ನು ಖಾಸಗಿ ಆಸ್ತಿಯ ಬೆಳವಣಿಗೆಯೊಂದಿಗೆ ಸಂಬಂಧಿಸಿ ನೋಡಿದ್ದಾರೆ. ಈ ವಿಚಾರ ಆಕರ್ಷಕವಾದರೂ ನಾವು ಎಚ್ಚರದಿಂದಿರಬೇಕು. ಕ್ರಿಯಾಪದವಿಲ್ಲದ ಮಾತ್ರಕ್ಕೆ ಸಮಾಜದಲ್ಲಿ ಸಂಗ್ರಹಬುದ್ಧಿ ಇಲ್ಲವೆಂದಾಗುವುದಿಲ್ಲ. ಇಂಗ್ಲಿಷಿನಲ್ಲಿ ಸಮಾಜವನ್ನು ‘ಹ್ಯಾವ್ಸ್’ ಮತ್ತು ‘ಹ್ಯಾವ್-ನಾಟ್ಸ್’ ಎಂದು ವಿಭಾಗಿಸಿದರೆ ಕನ್ನಡವು ‘ಉಳ್ಳವರು’ ಮತ್ತು ‘ಇಲ್ಲದವರು’ ಎಂದು ವಿಭಾಗಿಸುತ್ತದೆ. ‘ಉಳ್’ ಎಂಬುದು ‘ಇರು’ ಎಂಬರ್ಥದ ಹಳೆಯ ಧಾತು. ನಮ್ಮಲ್ಲಿ ಸಿರಿವಂತನನ್ನು ಹೆಸರಿಸಿದುದೂ ಇರವಿನ ಧಾತುವೇ.

ಬಸವಣ್ಣನವರ ಬಹುಪರಿಚಿತ ವಚನವೊಂದರ ಮೊದಲ ಪದವೇ ‘ಉಳ್ಳವರು’. ಎ.ಕೆ. ರಾಮಾನುಜನ್ ಅವರು 1973ರ ತಮ್ಮ ಅನುವಾದ ಸಂಕಲನದಲ್ಲಿ ಈ ಪದವನ್ನು ‘ರಿಚ್’ ಎಂದು ತಂದಿದ್ದಾರೆ. ಇಂಗ್ಲಿಷ್ ಕಾವ್ಯದ ಲಯದಲ್ಲಿ ‘ಹ್ಯಾವ್ಸ್’ ಎಂಬುದು ಸಮಾಜಶಾಸ್ತ್ರದ ಪರಿಭಾಷೆಯಂತೆ ಕೇಳಿಸುತ್ತಿತ್ತು. ಅವರ ಆಯ್ಕೆ ಸಮರ್ಥನೀಯ. ಮಾಡುವುದಕ್ಕೂ ಇರುವುದಕ್ಕೂ ನಡುವಣ ವಿರೋಧವು ಆ ವಚನದ ತಿರುಳೆಂದು ಅವರೇ ಪ್ರಸ್ತಾವನೆಯಲ್ಲಿ ವಿವರಿಸಿದ್ದಾರೆ. ಆದರೆ ಇರವಿನ ಧಾತುವು ಮೊದಲ ಪದದಲ್ಲಿಯೇ, ಅದೂ ಧನಿಕರ ಹೆಸರಿನಲ್ಲಿಯೇ ಅಡಗಿದೆ ಎಂಬುದು ಇಂಗ್ಲಿಷ್ ಓದುಗನಿಗೆ ದಕ್ಕಲಾರದು. ಶ್ರೇಷ್ಠ ಅನುವಾದಕನೂ ದಾಟಿಸಲಾಗದ ಈ ಅಂಶವನ್ನು ಟಿಪ್ಪಣಿಯ ಮೂಲಕವಾದರೂ ಹೊರಭಾಷೆಯ ಓದುಗರಿಗೆ ಮುಟ್ಟಿಸುವುದು ನಮ್ಮಂತಹ ಪೀಠಗಳ ಕೆಲಸ.

8. ಸಮಾರೋಪ

ಮೇಲಿನ ಚರ್ಚೆಯಿಂದ ಅನುವಾದಕನಿಗೆ ಮೂರು ಸರಳ ಪ್ರಶ್ನೆಗಳು ದೊರೆಯುತ್ತವೆ. ‘ಹ್ಯಾವ್’ ಎದುರಾದಾಗ ಅದು ಸ್ಥಿತಿಯೋ ಘಟನೆಯೋ? ಸ್ಥಿತಿಯಾದರೆ ಅದು ವ್ಯಕ್ತಿಗೆ ಸಂದುದೋ, ಅವನ ಬಳಿ ಇರುವುದೋ, ಅವನಲ್ಲಿ ಇರುವುದೋ, ಅವನದೋ? ಪಡೆಯುವ ಕ್ರಿಯೆ ನಿಜವಾಗಿಯೂ ನಡೆದಿದೆಯೋ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದಾಗ ಮಾತ್ರ ‘ಹೊಂದು’ ಧಾತುವನ್ನು ನಿಸ್ಸಂಕೋಚವಾಗಿ ಬಳಸಬಹುದು.

ಸಂಶೋಧಕರಿಗಾದರೋ ಇಲ್ಲಿ ಕೈಗೊಳ್ಳಬೇಕಾದ ಕಾರ್ಯ ಬಹಳವಿದೆ. ಎರಡು ಮೂರು ತಲೆಮಾರುಗಳಿಂದ ಹೊರನಾಡಿನಲ್ಲಿ ನೆಲಸಿದ ಕುಟುಂಬಗಳ ಮಾತಿನಲ್ಲಿ ಬಂಧುತ್ವದ ಚತುರ್ಥಿ ಎಷ್ಟು ಉಳಿದಿದೆ? ದೆಹಲಿಯಲ್ಲಿ ಹಿಂದಿಯ ಷಷ್ಠಿ ಅದರ ಜಾಗವನ್ನು ಆಕ್ರಮಿಸುತ್ತಿದೆಯೇ? ಮುಂಬಯಿ, ಪುಣೆಗಳಲ್ಲಿ ಮರಾಠಿಯ ‘ಕಡೇ’ ಮತ್ತು ಉತ್ತರ ಕರ್ನಾಟಕದ ‘ಕಡೆ’ ಒಂದಕ್ಕೊಂದು ಆಸರೆಯಾಗಿವೆಯೇ? ಪ್ರಶ್ನಾವಳಿಗಿಂತ ಮನೆಮಾತಿನ ಸಹಜ ಸಂಭಾಷಣೆಯ ದಾಖಲೆಗಳೇ ಇವುಗಳಿಗೆ ಉತ್ತರ ಕೊಡಬಲ್ಲವು. ಅಂತಹ ದಾಖಲೆಗಳನ್ನು ಬರೆದಿಡುವಾಗ ವಿಭಕ್ತಿಗಳನ್ನು ‘ಶುದ್ಧ’ಗೊಳಿಸದೆ ಕಿವಿಗೆ ಬಿದ್ದಂತೆಯೇ ಉಳಿಸಿಕೊಳ್ಳಬೇಕೆಂದು ಸಂಶೋಧಕ ಮಿತ್ರರಲ್ಲಿ ನಮ್ಮ ವಿನಂತಿ. ಹೇಳಿದವರು ‘ನನಗೆ’ ಎಂದರೋ ‘ನನ್ನ’ ಎಂದರೋ ಎಂಬುದೇ ಇಲ್ಲಿ ಆಕರ. ಅದನ್ನು ತಿದ್ದಿದರೆ ಅಧ್ಯಯನ ಮಾಡಲು ಏನೂ ಉಳಿಯುವುದಿಲ್ಲ.